ಲಾರಿ ರಸೀದಿಯ ಷರಾ ಕಾಲಂ

ಲಾರಿ ಆಫೀಸಿನಲ್ಲಿ ಕೂತವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಮೂಟೆ ಹೊತ್ತುಕೊಂಡು ಬಂದು ತೂಕದ ಯಂತ್ರದ ಮೇಲೆ ನಿಲ್ಲುತ್ತವೆ. ತೊಂಬತ್ತರ ದಶಕದಲ್ಲಿ ನಾನು ನಂಜನಗೂಡಿನ ಪೇಟೆಯ ಒಂದು ಪಾರ್ಸಲ್ ಸರ್ವೀಸಿನಲ್ಲಿ ಬುಕಿಂಗ್ ಕ್ಲರ್ಕಾಗಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಕೆಲಸ ಒಂದೇ, ಲಾರಿ ರಸೀದಿ ಬರೆಯುವುದು.

ರಸೀದಿ ಎಂದರೆ ನಾಲ್ಕು ಹಾಳೆ, ನಡುವೆ ಮೂರು ಕಾರ್ಬನ್. ಮೇಲಿನ ಬಿಳಿ ಹಾಳೆ ಒರಿಜಿನಲ್. ಸಾಮಾನು ಕಳಿಸುವವರು ಅದನ್ನು ಪಡೆಯುವವರಿಗೆ ಟಪಾಲಿನಲ್ಲಿ ಕಳಿಸಬೇಕು. ಆ ಕಡೆಯ ಆಫೀಸಿನಲ್ಲಿ ಬಿಳಿ ಹಾಳೆ ಕೊಟ್ಟವರಿಗೇ ಸಾಮಾನು. ಗುಲಾಬಿ ಹಾಳೆ ಕಳಿಸಿದವರ ಹತ್ತಿರ ಉಳಿಯುತ್ತದೆ. ಹಳದಿ ಹಾಳೆ ಡ್ರೈವರ್ ಜೊತೆ ಹೋಗಿ, ಸಾಮಾನು ಹೇಗೆ ತಲುಪಿತೆಂದು ಆ ಕಡೆಯವರು ಅಡಿಯಲ್ಲಿ ಷರಾ ಬರೆದ ಮೇಲೆ ಮಾರನೆಯ ದಿನ ವಾಪಸು ಬರುತ್ತದೆ. ಕೊನೆಯ ಹಸಿರು ಹಾಳೆ ನಮ್ಮ ಬುಕ್ಕಿನಲ್ಲೇ ಕೂರುತ್ತದೆ. ಹಸಿರು ಹಾಳೆಯವರೆಗೂ ಅಕ್ಷರ ಇಳಿಯಬೇಕಾದರೆ ಪೆನ್ನನ್ನು ಒತ್ತಿ ಬರೆಯಬೇಕು. ಒತ್ತಿ ಬರೆದೂ ಬರೆದೂ ನನ್ನ ನಡುಬೆರಳಿನ ಮೇಲೆ ಎದ್ದ ಗಂಟು ಇವತ್ತಿಗೂ ಇದೆ.

ಆಮೇಲೆ ಕಂಪ್ಯೂಟರ್ ಬಂತು. ಕಾರ್ಬನ್ ಹೋಯಿತು, ಹಳದಿ ಹಾಳೆ ಹೋಯಿತು, ಅದರ ಅಡಿಯಲ್ಲಿದ್ದ ಷರಾ ಕಾಲಮ್ಮೂ ಹೋಯಿತು. ಉಳಿದದ್ದೆಲ್ಲ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಷರಾ ಕಾಲಂ ಹೋದದ್ದಕ್ಕೆ ಮಾತ್ರ ಈಗಲೂ ಹೊಟ್ಟೆ ಉರಿಯುತ್ತದೆ. ಆ ಎರಡಿಂಚು ಜಾಗದಲ್ಲಿ ಬರುತ್ತಿದ್ದ ಒಂದು ಕೈಬರಹಕ್ಕಾಗಿ ನಾನು ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರತಿದಿನ ಸಂಜೆ ನಾಲ್ಕು ಗಂಟೆಯನ್ನು ಕಾದವನು.

ದಿಲ್ಲಿಯ ಕಾನೂನು

ಮೊದಲು ನಮ್ಮ ಮ್ಯಾನೇಜರ ವಿಷಯ ಹೇಳಿಬಿಡುತ್ತೇನೆ. ಅವರಿಗೆ ಇಡೀ ರಸೀದಿಯಲ್ಲಿ ಇಷ್ಟವಾದದ್ದು ಒಂದೇ ಸಾಲು: ‘ಮಾಲೀಕರ ಜವಾಬ್ದಾರಿಯ ಮೇಲೆ.’ ಯಾರ ಸಾಮಾನು ಒಡೆದರೂ, ನೆನೆದರೂ, ಕಳೆದುಹೋದರೂ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ, “ಓದಿಕೊಳ್ಳಿ” ಎಂದು ನಿರಾಳವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಒಂದು ದಿನ ಕವಲಂದೆಯ ಕಡೆಯ ರೈತರೊಬ್ಬರು ಟಿ. ನರಸೀಪುರಕ್ಕೆ ಮೂರು ಮೂಟೆ ಅವರೆಕಾಳು ಬುಕ್ ಮಾಡಲು ಬಂದರು. ರಸೀದಿ ಕೈಗೆ ಕೊಟ್ಟೆ. ಅವರು ಅದನ್ನು ಹಿಂದೆ ತಿರುಗಿಸಿ, ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ನೋಡಿದರು.

“ಇದೇನ್ ಸಾ, ಇಂದ್ಗಡೆ ಇರುವೆ ಸಾಲು?”

“ಷರತ್ತು ಕಣಪ್ಪ. ಕೇಂದ್ರ ಸರ್ಕಾರದ ಕಾನೂನು” ಎಂದರು ಮ್ಯಾನೇಜರು.

“ಕೇಂದ್ರ ಅಂದ್ರೆ ದಿಲ್ಲಿಯಾ?”

“ದಿಲ್ಲಿಯೇ.”

“ನನ್ ಅವರೆಕಾಳು ಓಗೋದು ನರಸೀಪುರಕ್ಕೆ ಸಾ. ಮೈಸೂರು ಜಿಲ್ಲೇನೂ ದಾಟಕಿಲ್ಲ. ಮದ್ಯದಲ್ಲಿ ದಿಲ್ಲಿಯೋರು ಯಾಕ್ ಬಂದ್ರು?”

ಮ್ಯಾನೇಜರು ಬೆಂಚಿನ ಕಡೆ ತಿರುಗಿದರು. ಅಲ್ಲಿ ನಮ್ಮ ವಕೀಲರು ಕೂತಿದ್ದರು. ಕೋರ್ಟಿನಲ್ಲಿ ಕೇಸು ಮುಂದಕ್ಕೆ ಹೋದ ದಿನವೆಲ್ಲ ಅವರು ನಮ್ಮಲ್ಲಿಗೆ ಬಂದು ಟೀ ಕುಡಿಯುತ್ತಿದ್ದರು. ಅಂದರೆ ಹೆಚ್ಚುಕಡಿಮೆ ದಿನವೂ ಬರುತ್ತಿದ್ದರು. ಲೋಟ ಕೆಳಗಿಟ್ಟು ಅವರೇ ಶುರುಮಾಡಿದರು.

“ಒಳ್ಳೇ ಪ್ರಶ್ನೆ ಕೇಳಿದೆ ಕಣಯ್ಯ. ನಿನ್ನ ಮೂಟೇನ ನಿನ್ನ ಗಾಡೀಲಿ ನೀನು ಒಯ್ದರೆ ಅದು ನಿನ್ನ ಪಾಡು. ಆದರೆ ಇವರು ಬೋರ್ಡು ಹಾಕಿ, ಯಾರು ತಂದರೂ ಬಾಡಿಗೆಗೆ ಸಾಗಿಸ್ತೀವಿ ಅಂತ ಕೂತಿದ್ದಾರಲ್ಲ, ಅಂಥವರಿಗೆ ಅಂತಲೇ ಬ್ರಿಟಿಷರ ಕಾಲದಿಂದ ಒಂದು ಕೇಂದ್ರ ಕಾನೂನಿದೆ. ಮೂಟೆ ಕೊಯಮತ್ತೂರಿಗೆ ಹೋದರೂ ಅದೇ ಕಾನೂನು, ಇಲ್ಲೇ ಹೊಳೆ ದಾಟಿದರೂ ಅದೇ. ಮಾಲೀಕರ ಜವಾಬ್ದಾರಿ ಅಂತ ಎಷ್ಟು ದಪ್ಪಗೆ ಅಚ್ಚು ಹಾಕಿದರೂ, ಇವರ ಅಜಾಗರೂಕತೆಯಿಂದ ಹಾಳಾದರೆ ಇವರೇ ಉತ್ತರ ಹೇಳಬೇಕು. ರಸೀದೀಲಿ ಬರೆದು ಸಹಿ ಹಾಕಿ ಕೊಟ್ಟದ್ದನ್ನ, ನಾವು ಬರೆದೇ ಇಲ್ಲ ಅಂತ ಆಮೇಲೆ ಸುಲಭವಾಗಿ ಜಾರಿಕೊಳ್ಳೋ ಹಾಗಿಲ್ಲ.”

“ಗಿರಾಕಿ ಎದುರಿಗೆ ಇದನ್ನೆಲ್ಲ ಹೇಳ್ತಾರೇನ್ರೀ?” ಎಂದು ಮ್ಯಾನೇಜರು ಪಿಸುಗುಟ್ಟಿದರು. ನಮ್ಮ ಟೀ ಕುಡಿದು ನಮಗೇ ತಿರುಗಿ ನಿಂತ ಮನುಷ್ಯನ ಮೇಲೆ ಅವರಿಗೆ ಕೋಪ ಬಂದಿತ್ತು.

ರೈತರಿಗೆ ಮಾತ್ರ ಸಮಾಧಾನವಾಯಿತು. ರಸೀದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, “ಅಂಗಾದ್ರೆ ಸರಿ ಬುಡಿ. ಮೂಟೆ ಕಮ್ಮಿ ಬಂದ್ರೆ ನಿಮ್ ತಾವ ಜಗಳ ಆಡಕಿಲ್ಲ. ದಿಲ್ಲಿಗೇ ಒಂದು ಕಾಗ್ದ ಬರ್ದಾಕ್ತೀನಿ. ನಮ್ ಅಳಿಯ ಪೋಸ್ಟಾಪೀಸ್ನಲ್ಲೇ ಅವ್ನೆ” ಎಂದರು.

ಆ ಮೂರು ಮೂಟೆಯನ್ನು ಮ್ಯಾನೇಜರು ತಾವೇ ಬಿಸಿಲಿನಲ್ಲಿ ನಿಂತು, ಐದು ಸಲ ಎಣಿಸಿ ಲಾರಿ ಹತ್ತಿಸಿದರು.

ಬಾಯಿ ಘಮ್ಮೆಂದದ್ದು

ಟಿ. ನರಸೀಪುರದಲ್ಲಿ ನಮ್ಮ ಏಜೆಂಟರ ಮನೆಯ ಮುಂದಿನ ಕೋಣೆಯೇ ಆಫೀಸು. ಏಜೆಂಟರಿಗೆ ಕಣ್ಣು ಮಂಜಾಗಿದ್ದರಿಂದ ಹಳದಿ ಹಾಳೆಯ ಮೇಲೆ ಷರಾ ಬರೆಯುವುದು ಮಗಳ ಕೆಲಸವಾಗಿತ್ತು. ಇಷ್ಟು ಸಂಗತಿ ನನಗೆ ಡ್ರೈವರಿಂದ ಗೊತ್ತಿತ್ತು. ಬಂದ ಷರಾಗಳೆಲ್ಲ ಒಂದೇ ನಮೂನೆಯವು: ‘ತಲುಪಿದೆ. ಸುಸ್ಥಿತಿ.’ ಅಕ್ಷರ ದುಂಡಗೆ, ಸಾಲು ನೆಟ್ಟಗೆ ಇರುತ್ತಿತ್ತು. ಇಷ್ಟು ಚೆಂದದ ಅಕ್ಷರ ಡಾಲ್ಡಾ ಡಬ್ಬ, ಗೊಬ್ಬರದ ಚೀಲಗಳಿಗೆ ದಂಡವಾಗುತ್ತಿದೆಯಲ್ಲ ಎಂದುಕೊಳ್ಳುತ್ತಿದ್ದೆ.

ಒಮ್ಮೆ ಯಾರದೋ ಗೃಹಪ್ರವೇಶಕ್ಕೆ ನಾಲ್ಕು ಗೊನೆ ರಸಬಾಳೆ ಕಳಿಸಿದೆ. ಮಾರನೆಯ ಸಂಜೆ ಹಳದಿ ಹಾಳೆ ಬಂತು.

‘ಗೊನೆ ನಾಲ್ಕು ಸರಿ. ಒಂದರಲ್ಲಿ ಹನ್ನೊಂದು ಹಣ್ಣು ಕಿತ್ತ ಗುರುತಿದೆ. ಡ್ರೈವರಣ್ಣನನ್ನು ವಿಚಾರಿಸಿದೆ. ತಮಗೆ ಗೊತ್ತೇ ಇಲ್ಲ ಎಂದರು. ಹೇಳುವಾಗ ಬಾಯಿ ಘಮ್ಮೆನ್ನುತ್ತಿತ್ತು.’

ನಾನು ಒಬ್ಬನೇ ಜೋರಾಗಿ ನಕ್ಕುಬಿಟ್ಟೆ. ಮ್ಯಾನೇಜರು ತಿರುಗಿ ನೋಡಿದರು. ನಾನು ಕೆಮ್ಮಿದೆ. ಉತ್ತರ ಬರೆಯದೆ ಇರಲು ನನ್ನಿಂದಾಗಲಿಲ್ಲ. ಮಾರನೆಯ ದಿನದ ಹಳದಿ ಹಾಳೆಯ ಮೂಲೆಯಲ್ಲಿ, ‘ಹಣ್ಣಿನ ವಿಷಯ ಇಲ್ಲಿಯೂ ವಿಚಾರಿಸಲಾಯಿತು. ಡ್ರೈವರಣ್ಣ ನಿನ್ನೆಯಿಂದ ಉಪವಾಸವಂತೆ’ ಎಂದು ಬರೆದೆ. ಅದಕ್ಕೆ ಷರಾ ಬಂತು: ‘ಉಪವಾಸದವರು ನಮ್ಮ ಎದುರಿನ ಹೋಟೆಲಿನಲ್ಲಿ ಎರಡು ಪ್ಲೇಟ್ ಇಡ್ಲಿ ತಿಂದು ಹೊರಟಿದ್ದಾರೆ.’

ನಮ್ಮ ಡ್ರೈವರಣ್ಣ ವಯಸ್ಸಾದವರು. ಓದು ಬರಹ ಇಲ್ಲ. ತಮ್ಮ ಮೇಲಿನ ದೂರನ್ನು ತಾವೇ ಅಂಗಿ ಜೇಬಿನಲ್ಲಿಟ್ಟುಕೊಂಡು, ಸರ್ಕಾರಿ ಕಾಗದವೋ ಎನ್ನುವಷ್ಟು ಗಂಭೀರವಾಗಿ ತಂದು ನನ್ನ ಮೇಜಿನ ಮೇಲಿಟ್ಟರು.

“ನೋಡ್ಲಾ, ಕಾಗ್ದ ಒಂಚೂರೂ ಮುದುರ್ದಂಗೆ ತಂದಿವ್ನಿ. ನನ್ ಬಗ್ಗೆ ಏನೋ ಒಳ್ಳೇದು ಬರ್ದದೆ ಆ ಕೂಸು. ಬರೀವಾಗ ಒಬ್ಳೇ ನಗ್ತಾ ಇತ್ತು.”

ಅಜ್ಜಿಯ ಕುಪ್ಪಸದೊಳಗಿನ ಗಂಟು

ಹೀಗೆ ಶುರುವಾಯಿತು. ದಿನಕ್ಕೆ ಒಂದೋ ಎರಡೋ ಸಾಲು, ಅದೂ ಗೋಣಿಚೀಲ, ಹಗ್ಗ, ಡಬ್ಬಗಳ ನಡುವೆ. ನನ್ನ ಏಳು ಒಂದರಂತೆ ಕಾಣುತ್ತದೆ ಎಂದು ಅವಳು ಬರೆದಳು; ನಾನು ಏಳಕ್ಕೆ ಅಡ್ಡಗೀಟು ಹಾಕುವುದನ್ನು ಕಲಿತೆ. ಭಾನುವಾರ ಲಾರಿ ಇರುತ್ತಿರಲಿಲ್ಲ. ಭಾನುವಾರವೆಂದರೆ ನನಗೆ ಆಗದು ಎನ್ನುವ ಹಾಗಾಯಿತು. ಆಫೀಸಿನಲ್ಲಿ ಫೋನ್ ಇತ್ತು, ಆದರೆ ಅದರ ಡಯಲ್ಲಿಗೆ ಬೀಗ. ಬೀಗದ ಕೈ ಮ್ಯಾನೇಜರ ಉಡಿದಾರದಲ್ಲಿ. ಅವರು ಸ್ನಾನಕ್ಕೆ ಹೋದಾಗಲೂ ಅದು ಅವರ ಜೊತೆಗೇ ಹೋಗುತ್ತಿತ್ತು.

ಆ ದಿನಗಳಲ್ಲೇ ನಂಜನಗೂಡಿನ ಒಬ್ಬ ಹೆಂಗಸು ತಲಕಾಡಿನಲ್ಲಿದ್ದ ತಾಯಿಗೆ ಒಂದು ಗ್ರೈಂಡರ್ ಕಳಿಸಿದರು. ಏಜೆಂಟರ ಆಫೀಸಿನಿಂದ ಬಿಡಿಸಿಕೊಳ್ಳಬೇಕು. ನಾನು ಬಿಳಿ ಹಾಳೆ ಕೊಟ್ಟು, “ಇದನ್ನು ಅಮ್ಮನಿಗೆ ಕಳಿಸಿ. ಇದು ಕಳೆದರೆ ಗ್ರೈಂಡರ್ ಇಲ್ಲ. ಇದು ಹರಿದರೂ ಇಲ್ಲ, ನೆನೆದರೂ ಇಲ್ಲ” ಎಂದು ಸ್ವಲ್ಪ ಹೆಚ್ಚಾಗಿಯೇ ಹೆದರಿಸಿದೆ. ಆ ತಾಯಿಗೆ ಮಗಳು ಅದನ್ನೇ ಇನ್ನೂ ಹೆಚ್ಚು ಹೆದರಿಸಿ ಹೇಳಿರಬೇಕು.

ನಾಲ್ಕು ದಿನದ ಮೇಲೆ ತಲಕಾಡಿನ ಆ ಅಜ್ಜಿ ಏಜೆಂಟರ ಆಫೀಸಿಗೆ ಬಂದು, ಕುಪ್ಪಸದೊಳಗಿನಿಂದ ಬಟ್ಟೆಗಂಟು ತೆಗೆದು, ಗಂಟು ಬಿಚ್ಚಿ, ರಸೀದಿಯನ್ನು ಮೇಜಿನ ಮೇಲಿಟ್ಟಳು. ಅದು ಟಪ್ಪೆಂದು ಸದ್ದು ಮಾಡಿತು. ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದಳು! ಸಾಮಾನು ಪಡೆದವರು ಬಿಳಿ ಹಾಳೆಯ ಬೆನ್ನ ಮೇಲೆ ಸಹಿ ಹಾಕಬೇಕು. ಪ್ಲಾಸ್ಟಿಕ್ಕಿನೊಳಗೆ ಹೋದ ಕಾಗದಕ್ಕೆ ಸಹಿ ಹೇಗೆ ಹಾಕಿಸುವುದು? ಕತ್ತರಿಸೋಣವೆಂದರೆ ಅಜ್ಜಿ ಬಿಡಲಿಲ್ಲವಂತೆ. “ಅರುದ್ರೆ ಗ್ರೈಂಡ್ರು ಇಲ್ಲ ಅಂದವ್ನೆ ನಂಜನಗೂಡಿನ್ ಕ್ಲರ್ಕು. ನೀನು ಅರೀಬೇಡ ಕನವ್ವ” ಎಂದು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಳಂತೆ.

ಇದೆಲ್ಲ ನನಗೆ ತಿಳಿದದ್ದು ಷರಾದಿಂದ. ಕಾಲಂ ತುಂಬಿ, ಅಂಚಿಗೆ ಏರಿ, ಹಾಳೆಯ ಹಿಂದಕ್ಕೂ ಹೋಗಿತ್ತು. ಅಷ್ಟು ಉದ್ದದ ಷರಾ ಅದಕ್ಕೆ ಮುಂಚೆ ಬಂದಿರಲಿಲ್ಲ. ನಾನು ಅದನ್ನು ಆರು ಸಲ ಓದಿದೆ. ಕೊನೆಯಲ್ಲಿ ಹೀಗಿತ್ತು: ‘ನೀವು ಹೆದರಿಸಿದ್ದರ ಫಲ. ಬೇರೆ ದಾರಿ ಕಾಣದೆ ಅಜ್ಜಿಯ ಹೆಬ್ಬೆಟ್ಟನ್ನು ಪ್ಲಾಸ್ಟಿಕ್ಕಿನ ಮೇಲೆಯೇ ಒತ್ತಿಸಿಕೊಂಡಿದ್ದೇನೆ. ಒರಿಜಿನಲ್ ಜೊತೆಗೆ ಕಳಿಸಿದೆ. ಇಂಕು ಆರಿಲ್ಲ. ದಯವಿಟ್ಟು ಒರೆಸಬೇಡಿ.’

ಮೊದಲ ಸಲ ನಾನು ಈ ಸಾಲನ್ನು ಓದಿ ತಲೆ ಎತ್ತುವಷ್ಟರಲ್ಲಿ, “ಏನಯ್ಯಾ ಇದು, ಇಷ್ಟು ಚೆನ್ನಾಗಿ ಲ್ಯಾಮಿನೇಷನ್ ಮಾಡಿಸಿ ಮಸಿ ಮೆತ್ತಿದ್ದಾರೆ” ಎನ್ನುತ್ತ ಮ್ಯಾನೇಜರು ಪಂಚೆಯ ತುದಿಯಿಂದ ಅದನ್ನು ಫಳಫಳ ಹೊಳೆಯುವ ಹಾಗೆ ಒರೆಸಿ ಮುಗಿಸಿದ್ದರು.

ನೀಲಿ ಅಂಗಿ

ಒಂದು ದಿನ ಡ್ರೈವರಣ್ಣ ಹಳದಿ ಹಾಳೆ ಕೊಡುತ್ತ, “ಆ ಕೂಸ್ಗೆ ಗಂಡು ನೋಡ್ತಾವ್ರೆ ಕಣ್ಲಾ” ಎಂದರು. ನನಗೆ ಹೇಳಬೇಕೆಂದು ಹೇಳಿದ್ದಲ್ಲ, ಲಾರಿ ಟೈರಿನ ವಿಷಯ ಹೇಳಿದ ಹಾಗೆ ಹೇಳಿದರು. ನನಗೆ ಅವತ್ತು ಒಂದು ರಸೀದಿಯನ್ನೂ ಸರಿಯಾಗಿ ಬರೆಯಲಾಗಲಿಲ್ಲ. ಅವಳ ಮುಖ ನೋಡಿಲ್ಲ, ದನಿ ಕೇಳಿಲ್ಲ. ಆದರೂ ಆ ಅಕ್ಷರ ಇನ್ನೊಬ್ಬರ ಮನೆಗೆ ಹೋಗಿಬಿಟ್ಟರೆ ನಾನು ಸಂಜೆ ನಾಲ್ಕು ಗಂಟೆಗೆ ಏನು ಮಾಡಲಿ?

ಹೊಟ್ಟೆನೋವೆಂದು ರಜ ಹಾಕಿ, ಇದ್ದ ಎರಡು ಅಂಗಿಯಲ್ಲಿ ಒಳ್ಳೆಯದಾದ ನೀಲಿ ಅಂಗಿ ಇಸ್ತ್ರಿ ಮಾಡಿಸಿ, ಟಿ. ನರಸೀಪುರದ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ‘ನಾನೇ ನಂಜನಗೂಡಿನ ಕ್ಲರ್ಕು.’ ಐದು ಸೆಕೆಂಡಿನ ಮಾತು.

ಆಫೀಸಿನಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವಳು ಮೇಜಿನ ಹಿಂದೆ ಕೂತು ಬರೆಯುತ್ತಿದ್ದಳು. ಅವಳ ನಡುಬೆರಳಿನ ಮೇಲೂ ಗಂಟಿತ್ತು. ಅದನ್ನು ನೋಡಿದ್ದೇ ನನ್ನ ಬಾಯಿಪಾಠವೆಲ್ಲ ಹಾರಿಹೋಯಿತು.

“ರಸೀದಿ ಕೊಡಿ” ಎಂದಳು, ತಲೆ ಎತ್ತದೆ.

“ಇಲ್ಲ... ಮರೆತು ಬಂದೆ.”

“ಎಲ್ಲಿಂದ ಬರಬೇಕಿತ್ತು?”

“ನಂಜನಗೂಡಿಂದ.”

ಈಗ ತಲೆ ಎತ್ತಿದಳು. “ಏನು ಬೇಕಿತ್ತು?”

ನಾನು ಏನು ಹೇಳಲಿ? ಹಿಂದೆ ನಿಂತ ಗಿರಾಕಿ ನನ್ನನ್ನು ಪಕ್ಕಕ್ಕೆ ಸರಿಸುತ್ತಿದ್ದ. “ಗೊತ್ತಿಲ್ಲ” ಎಂದೆ.

“ರಸೀದಿ ಇಲ್ಲದೆ ಕೊಡೋ ಹಾಗಿಲ್ಲ ಕಣ್ರೀ, ಕಾನೂನು. ನಂಜನಗೂಡಿನ ಕ್ಲರ್ಕು ರಸೀದಿ ಬರೆದೇ ಕಳಿಸಿರ್ತಾರೆ. ಅವರು ಅಂಥ ತಪ್ಪು ಮಾಡೋರಲ್ಲ. ಹೋಗಿ ಮನೇಲಿ ಹುಡುಕಿ” ಎಂದಳು.

ಅಷ್ಟು ಹೊಗಳಿಕೆ ಸಾಕಾಗಿ ನಾನು ಹೊರಗೆ ಬಂದುಬಿಟ್ಟೆ. ಸಂಗಮದ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ನಮ್ಮೂರಿನ ಕಪಿಲೆ ಇಲ್ಲಿಗೆ ಬಂದು ಕಾವೇರಿಯನ್ನು ಸೇರುತ್ತಾಳೆ. ಅವಳನ್ನು ಯಾರೂ ರಸೀದಿ ಕೇಳುವುದಿಲ್ಲ. ನನಗೆ ಹೊಳೆಯ ಮೇಲೂ ಹೊಟ್ಟೆಕಿಚ್ಚು ಬಂತು.

ಮಾರನೆಯ ದಿನದ ಷರಾವನ್ನು, ನನ್ನ ದುರದೃಷ್ಟಕ್ಕೆ, ಮ್ಯಾನೇಜರೇ ಮೊದಲು ತೆಗೆದುಕೊಂಡು ಗಟ್ಟಿಯಾಗಿ ಓದಿದರು: ‘ನಿನ್ನೆ ಒಬ್ಬರು ರಸೀದಿ ಇಲ್ಲದೆ ಬಂದಿದ್ದರು. ನೀಲಿ ಅಂಗಿ. ಏನು ಬೇಕೆಂದು ಕೇಳಿದರೆ ಅವರಿಗೇ ಗೊತ್ತಿಲ್ಲ. ಕಳ್ಳರಿರಬಹುದು. ನಿಮ್ಮ ಕಡೆಯೂ ಎಚ್ಚರ.’

“ನೋಡಿದೆಯಾ, ಕಾಲ ಹೇಗಿದೆ? ನೀಲಿ ಅಂಗಿಯವನು ಯಾವನಾದರೂ ಇಲ್ಲಿಗೆ ಬಂದರೆ ಬಿಡಬೇಡ, ಹಿಡಿದು ಕೂರಿಸು. ನಿನ್ನನ್ನೇ ನಂಬಿದ್ದೇನೆ” ಎಂದು ಹೇಳಿ, ಮ್ಯಾನೇಜರು ನನ್ನ ನೀಲಿ ಅಂಗಿಯ ಹೆಗಲ ಮೇಲೆ ಕೈಯಿಟ್ಟರು.

ಹೊಲಿಗೆ ಯಂತ್ರ ಒಂದು, ಮರದ ಪೆಟ್ಟಿಗೆ ಸಮೇತ

ಬಾಯಲ್ಲಿ ಹೇಳಲಾಗದ್ದನ್ನು ಬರೆದು ಹೇಳೋಣ ಎಂದುಕೊಂಡೆ. ಮ್ಯಾನೇಜರು ಊಟಕ್ಕೆ ಹೋದಾಗ ಒಂದು ಬಿಳಿ ಕಾಗದ ತೆಗೆದುಕೊಂಡು, ಮೇಜಿನ ಮೇಲಿದ್ದ ರಸೀದಿ ಬುಕ್ಕಿನ ಮೇಲಿಟ್ಟು, ಆರೇಳು ಸಾಲು ಬರೆದೆ. ಅಭ್ಯಾಸಬಲ, ಒತ್ತಿಯೇ ಬರೆದೆ. ಬರೆದು ಓದಿದೆ. ಓದಿ ಹೆದರಿದೆ. ಅವಳ ಅಪ್ಪ ಬೇರೆಯವರ ಕೈಲಿ ಓದಿಸಿಕೊಂಡರೆ? ನೇರವಾಗಿ ಸ್ನಾನಘಟ್ಟಕ್ಕೆ ಹೋಗಿ, ಚೂರುಚೂರು ಮಾಡಿ ಕಪಿಲೆಗೆ ಹಾಕಿದೆ. ಹೊಳೆ ಹೇಗೂ ಅಲ್ಲಿಗೇ ಹೋಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮಾರನೆಯ ಬೆಳಿಗ್ಗೆ ನಾನು ಬರುವುದು ತಡವಾಯಿತು. ಅಷ್ಟರಲ್ಲಿ ಊರಿನ ಹೊಲಿಗೆ ಯಂತ್ರದ ಅಂಗಡಿಯವರು ತಲಕಾಡಿನ ಟೈಲರೊಬ್ಬರಿಗೆ ಒಂದು ಯಂತ್ರ ಬುಕ್ ಮಾಡಲು ಬಂದಿದ್ದರು. ಮ್ಯಾನೇಜರು ಕನ್ನಡಕ ಮನೆಯಲ್ಲಿ ಮರೆತಿದ್ದರೂ ತಾವೇ ರಸೀದಿ ಬರೆದು, ಸಹಿ ಹಾಕಿ, ಹಾಳೆಗಳನ್ನು ಹರಿದು ಹಂಚಿದ್ದರು.

ಅದರ ಮಾರನೆಯ ದಿನ ಬಂದ ಹಳದಿ ಹಾಳೆಯನ್ನು ನಾನು ನೋಡಲಿಲ್ಲ. ಯಂತ್ರದ ಚಕ್ರ ಬಿರುಕು ಬಿಟ್ಟಿದೆ ಎಂಬ ಮೊದಲ ಸಾಲು ಕಂಡದ್ದೇ ಮ್ಯಾನೇಜರು ಅದನ್ನು ತಕರಾರಿನ ಫೈಲಿಗೆ ಹಾಕಿ, ಫೈಲನ್ನು ಬೀರುವಿಗೆ ಹಾಕಿ, ಬೀರುವಿಗೆ ಬೀಗ ಹಾಕಿದ್ದರು. ತಕರಾರು ಕಣ್ಣಿಗೆ ಬೀಳದಿದ್ದರೆ ತಾನಾಗಿಯೇ ತೀರುತ್ತದೆಂಬುದು ಅವರ ನಂಬಿಕೆ.

ಅಲ್ಲಿಂದಾಚೆ ಏನಾಯಿತೋ, ಟಿ. ನರಸೀಪುರದ ಷರಾ ಒಣಗಿಹೋಯಿತು. ‘ತಲುಪಿದೆ.’ ಅಷ್ಟೇ. ಸುಸ್ಥಿತಿ ಎಂಬ ಮಾತನ್ನೂ ಬಿಟ್ಟಿದ್ದಳು. ಒಂದು ವಾರ ಕಾದೆ, ಒಂದು ತಿಂಗಳು ಕಾದೆ. ನಾನು ತಮಾಷೆಯಾಗಿ ಏನು ಬರೆದು ಕಳಿಸಿದರೂ ಉತ್ತರ ‘ತಲುಪಿದೆ.’ ಗಂಡು ಗೊತ್ತಾಗಿರಬೇಕು ಎಂದುಕೊಂಡೆ. ಡ್ರೈವರಣ್ಣನನ್ನು ಕೇಳಲು ಧೈರ್ಯ ಬರಲಿಲ್ಲ, ಹೌದು ಎಂದುಬಿಟ್ಟರೆ? ಆದರೂ ಸಂಜೆ ನಾಲ್ಕಾದರೆ ಬಾಗಿಲ ಕಡೆ ನೋಡುವ ಚಟ ಬಿಡಲಿಲ್ಲ. ಆ ಒಂದು ಪದವನ್ನೇ ತಿರುಗಿಸಿ ತಿರುಗಿಸಿ ಓದುತ್ತಿದ್ದೆ. ಅದರಲ್ಲಿ ಕೊಂಬು, ಗುಡಿಸು ಎಲ್ಲ ಮೊದಲಿನ ಹಾಗೆಯೇ ದುಂಡಗಿದ್ದವು. ಆ ತಿಂಗಳುಗಳಲ್ಲಿ ನಾನು ಅನುಭವಿಸಿದ್ದನ್ನು ನಗುತ್ತ ಹೇಳಲು ನನಗೆ ಈಗಲೂ ಬರುವುದಿಲ್ಲ. ಆಶ್ಚರ್ಯವೆಂದರೆ, ಹೊಲಿಗೆ ಯಂತ್ರದ ಅಂಗಡಿಯವರು ಮಾತ್ರ ನನ್ನನ್ನು ಕಂಡಾಗಲೆಲ್ಲ ಮುಸಿಮುಸಿ ನಗುತ್ತಿದ್ದರು.

ಎಂಟು ತಿಂಗಳಾಯಿತು. ತಲಕಾಡಿನ ಟೈಲರು ಬರೆದ ಪತ್ರಗಳಿಗೆಲ್ಲ ಮ್ಯಾನೇಜರು ‘ಮಾಲೀಕರ ಜವಾಬ್ದಾರಿ’ ಎಂದೇ ಉತ್ತರ ಕೊಟ್ಟಿದ್ದರಿಂದ, ಅವರು ಕೊನೆಗೆ ಕೇಸು ಹಾಕಿದರು. ನಮ್ಮ ವಕೀಲರು ರಸೀದಿಯ ಎಲ್ಲ ಪ್ರತಿಗಳನ್ನೂ ತರಿಸಿದರು. ಮ್ಯಾನೇಜರೂ ನಾನೂ ಅವರ ಕೋಣೆಯಲ್ಲಿ ಕೂತೆವು. ವಕೀಲರು ಹಳದಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದತೊಡಗಿದರು.

“‘ಹೊಲಿಗೆ ಯಂತ್ರ ಒಂದು, ಮರದ ಪೆಟ್ಟಿಗೆ ಸಮೇತ. ನಿಮ್ಮ ಅಕ್ಷರ ಕಾಣದ ದಿನ ನನಗೆ ಊಟ ಸೇರುವುದಿಲ್ಲ. ತೂಕ ಮೂವತ್ತೆಂಟು ಕೆ.ಜಿ. ಅವತ್ತು ಬಂದವನು ನಾನೇ, ಏನು ಬೇಕೆಂದು ಹೇಳಲು ಬಾಯಿ ಬರಲಿಲ್ಲ. ನೀವು ಒಪ್ಪಿದರೆ ಹಿರಿಯರನ್ನು ಕರೆದುಕೊಂಡು ಬರುತ್ತೇನೆ. ಮಾಲೀಕರ ಜವಾಬ್ದಾರಿಯ ಮೇಲೆ.’”

ವಕೀಲರು ಕನ್ನಡಕ ತೆಗೆದರು. “ಏನ್ರೀ ಮ್ಯಾನೇಜರೇ, ತಲಕಾಡಿನ ಟೈಲರಿಗೆ ಇದನ್ನೆಲ್ಲ ಯಾಕ್ರೀ ಬರೆದಿರಿ?”

“ಅಯ್ಯೋ, ದೇವರಾಣೆಗೂ ನಾನಲ್ಲ!”

“ಕೆಳಗೆ ಸಹಿ ಯಾರದು?”

“ಸಹಿ ನನ್ನದೇ...”

“ಅವತ್ತೇ ಹೇಳಿದ್ದೆ. ರಸೀದೀಲಿ ಬರೆದು ಸಹಿ ಹಾಕಿಕೊಟ್ಟರೆ ಬರೆದಿಲ್ಲ ಅಂತ ಜಾರಿಕೊಳ್ಳೋ ಹಾಗಿಲ್ಲ. ಹಿರಿಯರನ್ನ ಕರೆದುಕೊಂಡು ಹೋಗೋದು ಈಗ ನಿಮ್ಮ ಹೊಣೆ.”

“ನನಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು ಸ್ವಾಮಿ!” ಎಂದು ಮ್ಯಾನೇಜರು ಎದ್ದೇ ನಿಂತರು.

ನನಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು. ಅವತ್ತು ಕಾಗದದ ಅಡಿಯಲ್ಲಿದ್ದ ಬುಕ್ಕಿನಲ್ಲಿ ಮುಂದಿನ ರಸೀದಿಗೆ ಕಾರ್ಬನ್ ಹಾಕಿ ಸಿದ್ಧವಾಗಿತ್ತು. ನಾನು ಒತ್ತಿ ಬರೆದದ್ದು ಬಿಳಿ ಹಾಳೆಯನ್ನು ಬಿಟ್ಟು ಉಳಿದ ಮೂರಕ್ಕೂ ಇಳಿದಿತ್ತು. ಗುಲಾಬಿ ಹಾಳೆ ಹೊಲಿಗೆ ಯಂತ್ರದ ಅಂಗಡಿಯವರಿಗೆ ಹೋಗಿತ್ತು. ಎಂಟು ತಿಂಗಳ ಮುಸಿಮುಸಿ ನಗು ಅದು! ತಲೆ ತಗ್ಗಿಸಿ, “ಬರೆದವನು ನಾನು” ಎಂದೆ. ಮ್ಯಾನೇಜರು ಬದುಕಿದೆ ಎನ್ನುವ ಹಾಗೆ ಕೂತರು.

ವಕೀಲರು ನನ್ನನ್ನು ಒಮ್ಮೆ, ಹಾಳೆಯನ್ನು ಒಮ್ಮೆ ನೋಡಿದರು. “ಇನ್ನೂ ಇದೆ ಕಣಯ್ಯ. ಷರಾ ಕಾಲಮ್ಮಿನಲ್ಲಿ” ಎಂದು ಓದಿದರು: “‘ಯಂತ್ರದ ಚಕ್ರ ಬಿರುಕು ಬಿಟ್ಟಿದೆ. ಮೇಲಿನ ನೀಲಿ ಅಕ್ಷರವನ್ನು ಓದಿದೆ. ನಕಲು ಪ್ರತಿಯ ಮೇಲೆ ಡೆಲಿವರಿ ಕೊಡುವುದಿಲ್ಲ. ಏಳು ದಿನದೊಳಗೆ ಒರಿಜಿನಲ್ ಸಮೇತ ಖುದ್ದು ಬರತಕ್ಕದ್ದು.’”

ಏಳು ದಿನ. ಅವಳು ಬಾ ಎಂದಿದ್ದಳು. ಆ ಮಾತು ನನ್ನ ಕುರ್ಚಿಯಿಂದ ನಾಲ್ಕು ಮಾರು ದೂರದ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು. ನಾನು ಬೀರುವಿಗೆ ಬೆನ್ನು ಹಾಕಿ ಬಾಗಿಲು ನೋಡುತ್ತಿದ್ದೆ. ನನಗೆ ಅಳು ಬಂತು.

“ಚಕ್ರ ಬಿರುಕು ಅಂತ ನಿಮ್ಮ ಕಡೆಯವರೇ ಬರೆದುಕೊಟ್ಟಿದ್ದಾರೆ, ಈ ಕೇಸು ಸೋತ ಹಾಗೆಯೇ” ಎಂದರು ವಕೀಲರು ಮ್ಯಾನೇಜರಿಗೆ. “ಹೊಸ ಚಕ್ರ ಹಾಕಿಸಿಕೊಟ್ಟು ರಾಜಿ ಮಾಡಿಕೊಳ್ಳಿ. ಇನ್ನೊಂದು ಕೇಸಿನ ವಾಯಿದೆ ಮುಗಿದು ಯಾವ ಕಾಲವಾಯ್ತೋ. ಅದಕ್ಕೆ ಇವನೇ ಹೋಗಿ ಬೇಡಿಕೊಳ್ಳಲಿ.”

ನೀಲಿ ಅಂಗಿಯನ್ನೇ ಹಾಕಿಕೊಂಡು ಹೋದೆ. ಈ ಸಲ ಬಸ್ಸಿನಲ್ಲಿ ಏನನ್ನೂ ಬಾಯಿಪಾಠ ಮಾಡಲಿಲ್ಲ. ಅವಳು ಇನ್ನೊಬ್ಬರಿಗೆ ಗೊತ್ತಾಗಿದ್ದರೆ ಒಂದು ಮಾತು ತಪ್ಪಾಯಿತು ಎಂದು ಹೇಳಿ ಬರುವುದು, ಅಷ್ಟೇ ಎಂದುಕೊಂಡಿದ್ದೆ. ಆಫೀಸಿನಲ್ಲಿ ಗಿರಾಕಿಗಳಿರಲಿಲ್ಲ. ಅವಳು ತಲೆ ಎತ್ತಿದಳು. ಅಂಗಿಯನ್ನು ನೋಡಿದಳು, ಮುಖ ನೋಡಿದಳು.

“ರಸೀದಿ?”

“ಒರಿಜಿನಲ್ ಇಲ್ಲ. ಅವತ್ತೇ ಹರಿದು ಹೊಳೆಗೆ ಹಾಕಿಬಿಟ್ಟೆ. ನಿಮ್ಮ ಷರಾ ನಾನು ಓದಿದ್ದು ನಿನ್ನೆ. ಅಲ್ಲೀತನಕ ಬೀರುವಿನಲ್ಲಿತ್ತು.”

“ಎಂಟು ತಿಂಗಳು!” ಎಂದಳು. “ಅಷ್ಟು ದಿನ ಯಾರು ಕಾಯ್ತಾರೆ?”

“ನಾನು ಕಾದೆ” ಎಂದೆ. “ದಿನಾ ನಾಲ್ಕು ಗಂಟೆಗೆ.”

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಪೆನ್ನಿನ ಮುಚ್ಚಳ ಹಾಕಿದಳು. ಒಳಗಿನಿಂದ ಏಜೆಂಟರ ದನಿ ಬಂತು.

“ಯಾರವ್ವಾ ಅದು? ರಸೀದಿ ತಂದವ್ರಾ?”

“ಇಲ್ಲ ಅಪ್ಪಾ” ಎಂದಳು ನನ್ನನ್ನೇ ನೋಡುತ್ತ. “ಅವತ್ತು ಬಂದಿದ್ರಲ್ಲ, ನೀಲಿ ಅಂಗಿಯವರು. ಏನು ಬೇಕು ಅಂತ ಈಗ ಗೊತ್ತಾಗಿದೆಯಂತೆ.”